ದೂರಸ್ಥ ಸಂಗೀತ ಕಾರ್ಯಕ್ರಮಗಳಿಗೆ ಅಲ್ಪ ವಿಳಂಬದ ಧ್ವನಿ ಮತ್ತು ದೃಶ್ಯ ಪ್ರಸಾರ ವ್ಯವಸ್ಥೆ

(ಆಲಮೇಲ ತಾಲ್ಲೂಕು ಹಾಗೂ ಸುತ್ತಲಿನ ಭಾಗದ ಕಲಾವಿದರು, ಭಜನಾ ಮೇಳಗಳು ಮತ್ತು ಕಲಾ ಸಂಘಗಳ ಮಾಹಿತಿಗಾಗಿ)

1. ಪೀಠಿಕೆ

ವಿಜಯಪುರ ಜಿಲ್ಲೆಯು ದೀರ್ಘವಾದ ಸಂಗೀತ ಪರಂಪರೆಯನ್ನು ಹೊಂದಿರುತ್ತದೆ. ಆದಿಲ್‌ಶಾಹಿ ಅರಸನಾದ ಎರಡನೆಯ ಇಬ್ರಾಹಿಂ (ಆಳ್ವಿಕೆ 1580–1627) ಸ್ವತಃ ಸಂಗೀತಜ್ಞನಾಗಿದ್ದು, ‘ಕಿತಾಬ್-ಎ-ನವರಸ್’ ಎಂಬ ಗೇಯಕೃತಿಯನ್ನು ರಚಿಸಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಇಂಡಿ ಭಾಗದ ಹಲಸಂಗಿಯ ಗೆಳೆಯರು ಜನಪದ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಇಂದಿಗೂ ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಗ್ರಾಮಗಳಲ್ಲಿ ಭಜನಾ ಮೇಳಗಳು, ಗೀಗೀ ಮೇಳಗಳು ಹಾಗೂ ತತ್ವಪದ ಹಾಡುವ ತಂಡಗಳು ಕಾರ್ಯನಿರತವಾಗಿವೆ.

ಆದರೆ ಮಳೆಯ ಕೊರತೆಯಿಂದಾಗಿ ಈ ಭಾಗದ ಅನೇಕ ಕುಟುಂಬಗಳು ದುಡಿಮೆಗಾಗಿ ಮಹಾರಾಷ್ಟ್ರ, ಗೋವಾ ಹಾಗೂ ಬೆಂಗಳೂರಿಗೆ ವಲಸೆ ಹೋಗುವುದು ಬಹುಕಾಲದಿಂದ ನಡೆದುಬಂದಿದೆ. ಮೇಳದ ತಬಲಾ ವಾದಕರು ಪುಣೆಯಲ್ಲಿ, ಪೇಟಿ ನುಡಿಸುವವರು ಊರಿನಲ್ಲಿ, ಹಿಮ್ಮೇಳದವರು ಬೇರೆ ಬೇರೆ ಕಡೆ ಇರುವ ಸಂದರ್ಭಗಳು ಸಾಮಾನ್ಯವಾಗಿವೆ. ಜಾತ್ರೆಗೆ ಎಲ್ಲರೂ ಊರಿಗೆ ಬಂದರೂ, ಅದಕ್ಕೆ ಮುನ್ನ ಒಟ್ಟಿಗೆ ಅಭ್ಯಾಸ ಮಾಡಲು ಅವಕಾಶವಿರುವುದಿಲ್ಲ. ಅಭ್ಯಾಸವಿಲ್ಲದ ಮೇಳವು ಕ್ರಮೇಣ ನಿಂತುಹೋಗುವ ಸಂಭವವಿರುತ್ತದೆ.

ಮಾರ್ಚ್ 2020ರ ಲಾಕ್‌ಡೌನ್ ನಂತರ ಅನೇಕ ಕಲಾವಿದರು ಸಾಮಾನ್ಯ ವೀಡಿಯೋ ಕರೆಯ ಮೂಲಕ ಒಟ್ಟಿಗೆ ಹಾಡಲು ಪ್ರಯತ್ನಿಸಿ, ತಾಳ ಕೂಡದೆ ಕೈಬಿಟ್ಟಿರುತ್ತಾರೆ. ಇದು ಕಲಾವಿದರ ದೋಷವಲ್ಲ. ಮಾತಿಗಾಗಿ ರೂಪಿಸಿದ ವ್ಯವಸ್ಥೆಯನ್ನು ಸಂಗೀತಕ್ಕೆ ಬಳಸಿದುದರ ಪರಿಣಾಮವಾಗಿರುತ್ತದೆ. ಸಂಗೀತಕ್ಕೆಂದೇ ರೂಪಿಸಲಾದ ಉಚಿತ ತಂತ್ರಾಂಶಗಳು ಲಭ್ಯವಿದ್ದು, ಅವುಗಳ ಬಳಕೆ, ಮಿತಿಗಳು ಹಾಗೂ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಮುಖ್ಯಾಂಶಗಳು

1) ಸಂಪರ್ಕದ ವೇಗ ಮತ್ತು ಸಂಪರ್ಕದ ವಿಳಂಬ ಬೇರೆ ಬೇರೆ. ಹೆಚ್ಚು ವೇಗದ ಯೋಜನೆಯನ್ನು ಖರೀದಿಸಿದ ಮಾತ್ರಕ್ಕೆ ವಿಳಂಬ ಕಡಿಮೆಯಾಗುವುದಿಲ್ಲ.
2) ಯಾವ ಗಾಯನ ಪ್ರಕಾರಕ್ಕೆ ಎಷ್ಟು ವಿಳಂಬ ಸಹ್ಯ ಎಂಬುದನ್ನು ಮೊದಲು ತಿಳಿದು, ನಂತರ ಉಪಕರಣಗಳನ್ನು ಖರೀದಿಸುವುದು ಸೂಕ್ತ.
3) ಸರದಿಯ ಮೇಲೆ ಹಾಡುವ ಪ್ರಕಾರಗಳನ್ನು ಸಾಧಾರಣ ಸಂಪರ್ಕದಲ್ಲಿಯೂ ನಡೆಸಬಹುದು. ಏಕಕಾಲಕ್ಕೆ ತಾಳ ಹಿಡಿದು ಹಾಡುವ ಪ್ರಕಾರಗಳಿಗೆ ತಂತಿಯ ಮೂಲಕ ಜೋಡಿಸಿದ ಫೈಬರ್ ಸಂಪರ್ಕ ಅವಶ್ಯ.
4) ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಜಾಲದ ತಂತಿ, ನಂತರ ಹೆಡ್‌ಫೋನ್, ನಂತರ ಆಡಿಯೋ ಇಂಟರ್‌ಫೇಸ್, ಕೊನೆಯಲ್ಲಿ ಕ್ಯಾಮೆರಾ.

3. ವಿಳಂಬ ಎಂದರೇನು?

ಒಬ್ಬರು ಹಾಡಿದ ಸ್ವರವು ಇನ್ನೊಬ್ಬರ ಕಿವಿಗೆ ತಲುಪಲು ತೆಗೆದುಕೊಳ್ಳುವ ಕಾಲವನ್ನು ವಿಳಂಬ ಎನ್ನಲಾಗುತ್ತದೆ. ಇದನ್ನು ಮಿಲಿಸೆಕೆಂಡುಗಳಲ್ಲಿ (ಮಿ.ಸೆ.) ಅಳೆಯಲಾಗುವುದು, 1 ಸೆಕೆಂಡ್ ಎಂದರೆ 1000 ಮಿ.ಸೆ.

ಒಂದೇ ಕೋಣೆಯಲ್ಲಿ ಕುಳಿತವರ ನಡುವೆಯೂ ವಿಳಂಬ ಇದ್ದೇ ಇರುತ್ತದೆ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಪ್ರತಿ ಮೀಟರಿಗೆ ಸುಮಾರು 3 ಮಿ.ಸೆ. ಬೇಕಾಗುತ್ತದೆ. ಗುಡಿಯಲ್ಲಿ ಎದುರುಬದುರಾಗಿ 3 ಮೀಟರ್ ಅಂತರದಲ್ಲಿ ಕುಳಿತ ಎರಡು ಸಾಲುಗಳ ನಡುವೆ ಸುಮಾರು 9 ಮಿ.ಸೆ. ವಿಳಂಬವಿದ್ದು, ಅದು ಯಾರ ಗಮನಕ್ಕೂ ಬರುವುದಿಲ್ಲ.

ಒಮ್ಮುಖ ವಿಳಂಬವು ಸುಮಾರು 25 ಮಿ.ಸೆ. ಮೀರಿದಾಗ ಕಲಾವಿದರು ಒಬ್ಬರಿಗಾಗಿ ಒಬ್ಬರು ಕಾಯತೊಡಗುತ್ತಾರೆ. ಪರಿಣಾಮವಾಗಿ ಲಯವು ತಾನಾಗಿಯೇ ನಿಧಾನವಾಗುತ್ತಾ ಹೋಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಪ್ಪಾಳೆಯ ತಾಳದ ಮೇಲೆ ನಡೆಸಲಾದ ಪ್ರಯೋಗಗಳಲ್ಲಿ ಈ ಪರಿಣಾಮವು ಕಂಡುಬಂದಿರುತ್ತದೆ. 25 ಮಿ.ಸೆ. ಎಂದರೆ ಸುಮಾರು ಎಂಟೂವರೆ ಮೀಟರ್ ದೂರ ಕುಳಿತು ಒಟ್ಟಿಗೆ ನುಡಿಸಿದಂತೆ. ಸಾಮಾನ್ಯ ವೀಡಿಯೋ ಕರೆಯಲ್ಲಿ ವಿಳಂಬವು 100 ಮಿ.ಸೆ.ಗಿಂತ ಹೆಚ್ಚಾಗಿರುವುದು ಸಾಮಾನ್ಯ.

ವಿಳಂಬದ ಜೊತೆಗೆ ಅದರ ಏರಿಳಿತವನ್ನೂ ಗಮನಿಸತಕ್ಕದ್ದು. ಒಂದು ಕ್ಷಣ 10 ಮಿ.ಸೆ., ಮರುಕ್ಷಣ 60 ಮಿ.ಸೆ. ಆಗುವ ಸಂಪರ್ಕಕ್ಕಿಂತ, ಸದಾ 20 ಮಿ.ಸೆ. ಇರುವ ಸಂಪರ್ಕವು ಸಂಗೀತಕ್ಕೆ ಉತ್ತಮವಾಗಿರುತ್ತದೆ. ಏರಿಳಿತ ಹೆಚ್ಚಿದ್ದಷ್ಟೂ ತಂತ್ರಾಂಶವು ಧ್ವನಿಯನ್ನು ತಡೆದಿಟ್ಟು ಬಿಡಬೇಕಾಗುವುದರಿಂದ ಒಟ್ಟು ವಿಳಂಬವೂ ಹೆಚ್ಚುತ್ತದೆ. ಹೀಗೆ ತಡೆದಿಡುವ ಸ್ಥಳವನ್ನು ಬಫರ್ ಎಂದು ಕರೆಯಲಾಗುತ್ತದೆ.

4. ಯಾವ ಪ್ರಕಾರಕ್ಕೆ ಯಾವ ವ್ಯವಸ್ಥೆ?

ಅ) ಸವಾಲ್–ಜವಾಬ್ ಹಾಗೂ ಹರದೇಶಿ–ನಾಗೇಶಿ ಗೀಗೀ ಪದಗಳು: ಎರಡು ಮೇಳಗಳು ಸರದಿಯ ಮೇಲೆ ಹಾಡುವ ಈ ಪ್ರಕಾರಕ್ಕೆ ದೂರಸ್ಥ ಪ್ರದರ್ಶನವು ಅತ್ಯಂತ ಅನುಕೂಲಕರ. ಪ್ರತಿ ಮೇಳವು ತನ್ನ ದಪ್ಪು, ತುಂತುಣಿ ಹಾಗೂ ತಾಳಗಳೊಂದಿಗೆ ಒಂದೇ ಸ್ಥಳದಲ್ಲಿದ್ದರೆ, ಎರಡು ಊರುಗಳ ನಡುವೆ 200 ಮಿ.ಸೆ. ವಿಳಂಬವಿದ್ದರೂ ಹಾಡಿಗೆ ಧಕ್ಕೆಯಾಗುವುದಿಲ್ಲ. ಸವಾಲು ಮುಗಿದ ನಂತರ ಜವಾಬು ಆರಂಭವಾಗುವ ಮುನ್ನ ಸ್ವಲ್ಪ ಹೆಚ್ಚಿನ ವಿರಾಮ ಕಂಡುಬರುವುದಷ್ಟೇ.

ಆ) ಗುರು–ಶಿಷ್ಯ ಪಾಠ: ಗುರುಗಳು ಹಾಡಿದ ನಂತರ ಶಿಷ್ಯರು ಹಾಡುವ ಕ್ರಮಕ್ಕೆ ಹೆಚ್ಚಿನ ವಿಳಂಬವೂ ಸಹ್ಯ. ಶ್ರುತಿ ಹಾಗೂ ಗಮಕ ಸ್ಪಷ್ಟವಾಗಿ ಕೇಳಿಸಬೇಕಾದ್ದರಿಂದ ಇಲ್ಲಿ ಧ್ವನಿಯ ಗುಣಮಟ್ಟಕ್ಕೆ ಪ್ರಾಶಸ್ತ್ಯ ನೀಡತಕ್ಕದ್ದು. ತಂಬೂರಿಯನ್ನು ಎರಡೂ ಕಡೆ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಸೂಕ್ತ.

ಇ) ತತ್ವಪದ ಮತ್ತು ಭಜನೆ: ಮುಮ್ಮೇಳದವರು ಒಂದು ಸಾಲು ಹಾಡಿ ಹಿಮ್ಮೇಳದವರು ಅದನ್ನು ಪುನರುಚ್ಚರಿಸಿದರೂ ತಾಳವು ನಿರಂತರವಾಗಿ ಸಾಗುವುದರಿಂದ ಅಲ್ಪ ವಿಳಂಬದ ವ್ಯವಸ್ಥೆ ಅಗತ್ಯ. ನಿಧಾನ ಹಾಗೂ ಮಧ್ಯ ಲಯದಲ್ಲಿ 30 ರಿಂದ 40 ಮಿ.ಸೆ. ವಿಳಂಬಕ್ಕೆ ಅಭ್ಯಾಸದಿಂದ ಹೊಂದಿಕೊಳ್ಳಬಹುದು.

ಈ) ದ್ರುತ ಲಯದ ಹಿಂದೂಸ್ತಾನಿ ಸಂಗೀತ: ನಿಮಿಷಕ್ಕೆ 240 ಮಾತ್ರೆಗಳ ತೀನ್‌ತಾಲದಲ್ಲಿ ಒಂದು ಮಾತ್ರೆಯ ಅವಧಿ 250 ಮಿ.ಸೆ. ಮಾತ್ರ. 60 ಮಿ.ಸೆ. ವಿಳಂಬವಾದರೆ ಸಮ್ ಸುಮಾರು ಕಾಲು ಮಾತ್ರೆಯಷ್ಟು ಜಾರುತ್ತದೆ. ಇಂತಹ ಪ್ರಸ್ತುತಿಗೆ ಗಾಯಕರು ಮತ್ತು ತಬಲಾ ವಾದಕರು ಒಂದೇ ಸ್ಥಳದಲ್ಲಿರುವುದೇ ಸೂಕ್ತ.

ಉ) ವಿದೇಶದಲ್ಲಿರುವ ಕಲಾವಿದರೊಂದಿಗೆ: ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ, ಅಂದರೆ ಪ್ರತಿ 200 ಕಿ.ಮೀ.ಗೆ 1 ಮಿ.ಸೆ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡ ಕುಟುಂಬದವರೊಂದಿಗೆ ನೇರ ಮಾರ್ಗದಲ್ಲಿಯೇ ಒಮ್ಮುಖ ವಿಳಂಬವು 65 ಮಿ.ಸೆ.ಗಿಂತ ಕಡಿಮೆಯಾಗುವುದಿಲ್ಲ, ವಾಸ್ತವದಲ್ಲಿ ಇನ್ನೂ ಹೆಚ್ಚಿರುತ್ತದೆ. ಯಾವ ಉಪಕರಣದಿಂದಲೂ ಇದನ್ನು ತಗ್ಗಿಸಲಾಗದು. ಆದುದರಿಂದ ಸರದಿಯ ಪ್ರಕಾರಗಳನ್ನು ಮಾತ್ರ ಆಯ್ದುಕೊಳ್ಳುವುದು.

5. ವಿಳಂಬದ ಲೆಕ್ಕ: ಒಂದು ಉದಾಹರಣೆ

ಆಲಮೇಲದಲ್ಲಿ ಗಾಯಕರು, ಪುಣೆಯಲ್ಲಿ ತಬಲಾ ವಾದಕರು ಇದ್ದು, ಧ್ವನಿಯನ್ನು ಕೂಡಿಸುವ ಸರ್ವರ್ ಮುಂಬೈಯಲ್ಲಿದೆ ಎಂದು ಭಾವಿಸಿ ಈ ಕೆಳಕಂಡ ಲೆಕ್ಕವನ್ನು ನೀಡಲಾಗಿದೆ. ಆಲಮೇಲ–ಮುಂಬೈ ನಡುವೆ ಪಿಂಗ್ (ಹೋಗಿ ಬರುವ ಕಾಲ) 20 ಮಿ.ಸೆ., ಪುಣೆ–ಮುಂಬೈ ನಡುವೆ 8 ಮಿ.ಸೆ. ಎಂದು ಇಟ್ಟುಕೊಳ್ಳಲಾಗಿದೆ.

- ಗಾಯಕರ ಬಾಯಿಂದ ಮೈಕಿಗೆ (ಸುಮಾರು 30 ಸೆಂ.ಮೀ.): 1 ಮಿ.ಸೆ.
- ಆಲಮೇಲದ ಆಡಿಯೋ ಇಂಟರ್‌ಫೇಸ್ (128 ಮಾದರಿಗಳ ಬಫರ್): 4 ಮಿ.ಸೆ.
- ಆಲಮೇಲದಿಂದ ಮುಂಬೈ (ಪಿಂಗ್‌ನ ಅರ್ಧ): 10 ಮಿ.ಸೆ.
- ಸರ್ವರಿನಲ್ಲಿ ಬಫರ್: 5 ಮಿ.ಸೆ.
- ಮುಂಬೈಯಿಂದ ಪುಣೆ (ಪಿಂಗ್‌ನ ಅರ್ಧ): 4 ಮಿ.ಸೆ.
- ಪುಣೆಯ ಗಣಕಯಂತ್ರದಲ್ಲಿ ಏರಿಳಿತ ತಡೆಯುವ ಬಫರ್: 8 ಮಿ.ಸೆ.
- ಪುಣೆಯ ಆಡಿಯೋ ಇಂಟರ್‌ಫೇಸ್‌ನಿಂದ ಹೆಡ್‌ಫೋನಿಗೆ: 4 ಮಿ.ಸೆ.
- ಒಟ್ಟು: 36 ಮಿ.ಸೆ.

ನಿಮಿಷಕ್ಕೆ 80 ಮಾತ್ರೆಗಳ ಭಜನೆಯಲ್ಲಿ ಒಂದು ಮಾತ್ರೆಯು 750 ಮಿ.ಸೆ. ಇರುವುದರಿಂದ, 36 ಮಿ.ಸೆ. ಎಂಬುದು ಅದರ ಸುಮಾರು ಇಪ್ಪತ್ತನೆಯ ಒಂದು ಭಾಗ. ಅಭ್ಯಾಸಕ್ಕೆ ಇದು ಸಾಕಾಗುತ್ತದೆ. ಅದೇ ವ್ಯವಸ್ಥೆಯಲ್ಲಿ 240 ಮಾತ್ರೆಗಳ ಲಯವನ್ನು ನುಡಿಸಿದರೆ ವಿಳಂಬವು ಮಾತ್ರೆಯ ಏಳನೆಯ ಒಂದು ಭಾಗವಾಗುವುದರಿಂದ ತಾಳ ತಪ್ಪುತ್ತದೆ.

ಮೇಲಿನ ಪಟ್ಟಿಯನ್ನು ಗಮನಿಸಿದರೆ ಒಟ್ಟು 36 ಮಿ.ಸೆ.ನಲ್ಲಿ ಜಾಲದ ಪಾಲು 14 ಮಿ.ಸೆ. ಮಾತ್ರ. ಉಳಿದ 22 ಮಿ.ಸೆ. ಉಪಕರಣ, ಬಫರ್ ಹಾಗೂ ಮೈಕಿನ ಅಂತರದಿಂದ ಉಂಟಾಗುವಂತಹುದು. ಅಂದರೆ ಅರ್ಧಕ್ಕಿಂತ ಹೆಚ್ಚು ವಿಳಂಬವನ್ನು ಸರಿಪಡಿಸುವುದು ಬಹುಮಟ್ಟಿಗೆ ಕಲಾವಿದರ ಕೈಯಲ್ಲಿಯೇ ಇರುತ್ತದೆ.

6. ಅಂತರಜಾಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಸೇವಾದಾರರಿಂದ ಈ ಕೆಳಕಂಡ ಮಾಹಿತಿಯನ್ನು ಕೇಳಿ ಪಡೆಯುವುದು:

1) ಮನೆಯವರೆಗೆ ಫೈಬರ್ ತಂತಿ ಬರುವುದೇ ಅಥವಾ ಕೊನೆಯ ಭಾಗವು ನಿಸ್ತಂತು ಸಂಪರ್ಕವೇ? ಫೈಬರ್ ಸಂಪರ್ಕಕ್ಕೆ ಆದ್ಯತೆ ನೀಡತಕ್ಕದ್ದು.
2) ಹೊರಹೋಗುವ ದತ್ತಾಂಶದ (ಅಪ್‌ಲೋಡ್) ವೇಗವೆಷ್ಟು? ಒಬ್ಬ ಕಲಾವಿದರ ಧ್ವನಿಗೆ ಸೆಕೆಂಡಿಗೆ 1 ಮೆಗಾಬಿಟ್‌ಗಿಂತ ಕಡಿಮೆ ಸಾಕು. ಸಾರ್ವಜನಿಕ ದೃಶ್ಯ ಪ್ರಸಾರವೂ ಇದ್ದಲ್ಲಿ ಇನ್ನೂ 3 ರಿಂದ 4 ಮೆಗಾಬಿಟ್ ಬೇಕಾಗುತ್ತದೆ. ಆದುದರಿಂದ 10 ಮೆಗಾಬಿಟ್ ಅಪ್‌ಲೋಡ್ ಇರುವ ಸಾಧಾರಣ ಯೋಜನೆಯು ಸಾಕಾಗುತ್ತದೆ.
3) ಮಾಸಿಕ ದತ್ತಾಂಶದ ಮಿತಿ ಮತ್ತು ಮಿತಿ ಮೀರಿದ ನಂತರದ ವೇಗವೆಷ್ಟು?
4) ಸ್ವತಃ ಸರ್ವರ್ ನಡೆಸುವ ಉದ್ದೇಶವಿದ್ದಲ್ಲಿ ಸಾರ್ವಜನಿಕ ಐಪಿ ವಿಳಾಸ ದೊರೆಯುವುದೇ? ಅನೇಕ ಸಂಪರ್ಕಗಳಲ್ಲಿ ಒಂದೇ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಂಡಿರುವುದರಿಂದ ಹೊರಗಿನವರು ಮನೆಯ ಸರ್ವರನ್ನು ತಲುಪಲಾಗದು.

ಸಂಪರ್ಕ ಪಡೆದ ನಂತರ ಪಿಂಗ್ ಪರೀಕ್ಷೆಯನ್ನು ಅಭ್ಯಾಸ ನಡೆಯುವ ವೇಳೆಯಲ್ಲಿಯೇ, ಅಂದರೆ ಸಾಯಂಕಾಲ 7 ರಿಂದ 10 ಗಂಟೆಯ ನಡುವೆ, ಕನಿಷ್ಠ 10 ನಿಮಿಷಗಳ ಕಾಲ ಮಾಡುವುದು. ಸರಾಸರಿಯನ್ನು ಮಾತ್ರವಲ್ಲದೆ ಅತಿ ಹೆಚ್ಚು ಬಂದ ಅಂಕಿಯನ್ನೂ ಬರೆದಿಟ್ಟುಕೊಳ್ಳುವುದು. ಎರಡು ಊರುಗಳು ಹತ್ತಿರವಿದ್ದರೂ ಸೇವಾದಾರರು ಬೇರೆ ಬೇರೆಯಾಗಿದ್ದಲ್ಲಿ ದತ್ತಾಂಶವು ಮುಂಬೈ ಅಥವಾ ಬೆಂಗಳೂರಿನಂತಹ ನಗರಕ್ಕೆ ಹೋಗಿ ಮರಳುವ ಸಾಧ್ಯತೆಯಿರುತ್ತದೆ. ಆಲಮೇಲ ಮತ್ತು ಇಂಡಿಯ ಕಲಾವಿದರು ಒಂದೇ ಸೇವಾದಾರರ ಸಂಪರ್ಕ ಪಡೆದರೆ ಈ ಸುತ್ತು ತಪ್ಪುವ ಸಂಭವವಿರುತ್ತದೆ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಸಂಪರ್ಕ ಒದಗಿಸುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಅನುಮೋದನೆ ದೊರೆತಿದ್ದು, ಅದನ್ನು ಈಗ ಭಾರತ್‌ನೆಟ್ ಎಂದು ಕರೆಯಲಾಗುತ್ತದೆ. ಮನೆಯಲ್ಲಿ ಸಂಪರ್ಕವಿಲ್ಲದ ಮೇಳಗಳು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ಇಂತಹ ಸಂಪರ್ಕವು ಚಾಲ್ತಿಯಲ್ಲಿದೆಯೇ ಎಂಬುದನ್ನು ವಿಚಾರಿಸಿ, ಪಂಚಾಯಿತಿ ಕಟ್ಟಡದ ಬಳಕೆಗಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ. ಮನವಿಯಲ್ಲಿ ದಿನಾಂಕ, ವೇಳೆ, ಭಾಗವಹಿಸುವವರ ಸಂಖ್ಯೆ ಹಾಗೂ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸುವುದು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಸಲ್ಲಿಸಬಯಸುವ ಸಂಘಗಳು ಆಯಾ ವರ್ಷದ ಪ್ರಕಟಣೆಯನ್ನು ಓದಿ, ತಮ್ಮ ಉದ್ದೇಶವು ಅದರ ವ್ಯಾಪ್ತಿಗೆ ಬರುವುದೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಅಂದಾಜು ಪಟ್ಟಿಯನ್ನು ತಯಾರಿಸತಕ್ಕದ್ದು.

7. ಅಗತ್ಯ ಉಪಕರಣಗಳು

1) ಗಣಕಯಂತ್ರ: ಸಾಧಾರಣ ಮಟ್ಟದ ಲ್ಯಾಪ್‌ಟಾಪ್ ಸಾಕಾಗುತ್ತದೆ. ಅಭ್ಯಾಸದ ವೇಳೆ ಉಳಿದ ತಂತ್ರಾಂಶಗಳನ್ನು ಮುಚ್ಚಿರತಕ್ಕದ್ದು.
2) ಜಾಲದ ತಂತಿ: ರೌಟರಿನಿಂದ ಗಣಕಯಂತ್ರಕ್ಕೆ ನೇರವಾಗಿ ಜೋಡಿಸುವುದು. ವೈ-ಫೈ ಬಳಕೆಯಿಂದ ಏರಿಳಿತ ಹೆಚ್ಚುತ್ತದೆ.
3) ತಂತಿಯುಳ್ಳ ಹೆಡ್‌ಫೋನ್: ಬ್ಲೂಟೂತ್ ಹೆಡ್‌ಫೋನ್‌ಗಳು ತಾವೇ 100 ರಿಂದ 200 ಮಿ.ಸೆ. ವಿಳಂಬವನ್ನು ಸೇರಿಸುವುದರಿಂದ ಬಳಸತಕ್ಕದ್ದಲ್ಲ. ಧ್ವನಿವರ್ಧಕವನ್ನು ಬಳಸಿದರೆ ಅದರ ಧ್ವನಿಯು ಪುನಃ ಮೈಕಿಗೆ ಸೇರಿ ಪ್ರತಿಧ್ವನಿ ಉಂಟಾಗುತ್ತದೆ.
4) ಆಡಿಯೋ ಇಂಟರ್‌ಫೇಸ್: ಎರಡು ಮೈಕುಗಳನ್ನು ಜೋಡಿಸಬಹುದಾದ ಯುಎಸ್‌ಬಿ ಸಾಧನವು ಸಾಕು. ವಿಂಡೋಸ್ ಗಣಕಯಂತ್ರಕ್ಕೆ ‘ಆಸಿಯೋ’ ಚಾಲಕ ತಂತ್ರಾಂಶವಿರುವ ಸಾಧನವನ್ನೇ ಆಯ್ದುಕೊಳ್ಳುವುದು.
5) ಮೈಕ್: ಜಾತ್ರೆ, ಸಭೆಗಳಲ್ಲಿ ಬಳಸುವ ಸಾಮಾನ್ಯ ಡೈನಮಿಕ್ ಮೈಕ್ ಸಾಕಾಗುತ್ತದೆ. ಕಂಡೆನ್ಸರ್ ಮೈಕ್ ಇದ್ದಲ್ಲಿ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಪೂರೈಕೆ ಇರತಕ್ಕದ್ದು.
6) ವಿದ್ಯುತ್: ಗಣಕಯಂತ್ರಕ್ಕೆ ಮಾತ್ರವಲ್ಲದೆ ರೌಟರ್ ಹಾಗೂ ಫೈಬರ್ ಮೋಡೆಮ್‌ಗೂ ಯುಪಿಎಸ್ ಅಥವಾ ಇನ್ವರ್ಟರ್ ಜೋಡಿಸುವುದು. ವಿದ್ಯುತ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತಿದ್ದರೂ ಮೋಡೆಮ್ ನಿಂತರೆ ಕಾರ್ಯಕ್ರಮ ನಿಲ್ಲುತ್ತದೆ.

8. ಉಚಿತವಾಗಿ ಲಭ್ಯವಿರುವ ತಂತ್ರಾಂಶಗಳು

ಜಾಮುಲಸ್: ಇದರ ಅಭಿವೃದ್ಧಿಯು 2006ರಲ್ಲಿ ಆರಂಭವಾಯಿತು. ಎಲ್ಲರ ಧ್ವನಿಯೂ ಒಂದು ಸರ್ವರಿಗೆ ಹೋಗಿ, ಅಲ್ಲಿ ಕೂಡಿ, ಪ್ರತಿಯೊಬ್ಬರಿಗೂ ಮರಳುತ್ತದೆ. ಒಟ್ಟು ವಿಳಂಬವನ್ನು ಪರದೆಯ ಮೇಲೆ ಹಸಿರು, ಹಳದಿ ಮತ್ತು ಕೆಂಪು ಬಣ್ಣಗಳಲ್ಲಿ ತೋರಿಸುವುದರಿಂದ ಹೊಸಬರಿಗೆ ಅನುಕೂಲ. ಮೂರು ಅಥವಾ ಹೆಚ್ಚು ಸ್ಥಳಗಳಿಂದ ಹಾಡುವ ಮೇಳಗಳಿಗೆ ಸೂಕ್ತ.

ಸೋನೋಬಸ್: ಸರ್ವರಿನ ಮೂಲಕ ಹಾಯದೆ ಇಬ್ಬರ ಗಣಕಯಂತ್ರಗಳನ್ನು ನೇರವಾಗಿ ಜೋಡಿಸುತ್ತದೆ. ಇಬ್ಬರು ಅಥವಾ ಮೂವರಿಗೆ ಸೂಕ್ತ. ಮೊಬೈಲ್ ದೂರವಾಣಿಯಲ್ಲಿಯೂ ದೊರೆಯುತ್ತದೆ.

ಜ್ಯಾಕ್‌ಟ್ರಿಪ್: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದು, ಧ್ವನಿಯನ್ನು ಸಂಕ್ಷೇಪಿಸದೆ ಕಳುಹಿಸುತ್ತದೆ. ಉತ್ತಮ ಹಾಗೂ ಸ್ಥಿರವಾದ ಸಂಪರ್ಕವಿದ್ದಲ್ಲಿ ಮಾತ್ರ ಬಳಸುವುದು.

ನಿನ್ಜಾಮ್: 2005ರಲ್ಲಿ ಬಿಡುಗಡೆಯಾದ ಈ ತಂತ್ರಾಂಶವು ವಿಳಂಬವನ್ನು ಕಡಿಮೆ ಮಾಡುವುದಿಲ್ಲ, ಬದಲಿಗೆ ಅದನ್ನು ನಿಗದಿತ ಮಾತ್ರೆಗಳ ಒಂದು ಪೂರ್ಣ ಸುತ್ತಿಗೆ ಹೆಚ್ಚಿಸುತ್ತದೆ. 16 ಮಾತ್ರೆಗಳನ್ನು ನಿಗದಿಪಡಿಸಿದಲ್ಲಿ, ಪ್ರತಿಯೊಬ್ಬರೂ ಇತರರು ಹಿಂದಿನ ಆವರ್ತನದಲ್ಲಿ ನುಡಿಸಿದುದನ್ನು ಕೇಳುತ್ತಾ ನುಡಿಸುತ್ತಾರೆ. ಒಂದೇ ನಡೆಯು ಪುನರಾವರ್ತನೆಯಾಗುವ ವಾದ್ಯಾಭ್ಯಾಸಕ್ಕೆ ಇದನ್ನು ಬಳಸಬಹುದು. ಸಾಹಿತ್ಯವಿರುವ ಹಾಡುಗಳಿಗೆ ಸೂಕ್ತವಲ್ಲ.

9. ಜೋಡಣೆಯ ಕ್ರಮ

1) ರೌಟರ್ ಮತ್ತು ಗಣಕಯಂತ್ರವನ್ನು ತಂತಿಯಿಂದ ಜೋಡಿಸಿ, ಗಣಕಯಂತ್ರದ ವೈ-ಫೈಯನ್ನು ನಿಲ್ಲಿಸುವುದು.
2) ಮೈಕ್ ಮತ್ತು ಹೆಡ್‌ಫೋನನ್ನು ಆಡಿಯೋ ಇಂಟರ್‌ಫೇಸ್‌ಗೆ ಜೋಡಿಸುವುದು.
3) ಧ್ವನಿಯ ಮಾದರಿ ದರವನ್ನು ಸೆಕೆಂಡಿಗೆ 48,000ಕ್ಕೆ, ಬಫರನ್ನು 128 ಮಾದರಿಗಳಿಗೆ ನಿಗದಿಪಡಿಸುವುದು. ಈ ಬಫರಿನ ಅವಧಿ 2.7 ಮಿ.ಸೆ. ಧ್ವನಿ ಒಡೆದು ಕೇಳಿಸಿದರೆ 256ಕ್ಕೆ (5.3 ಮಿ.ಸೆ.) ಏರಿಸುವುದು.
4) ತಂತ್ರಾಂಶವನ್ನು ತೆರೆದು, ಭಾಗವಹಿಸುವ ಎಲ್ಲ ಊರುಗಳಿಂದಲೂ ಪಿಂಗ್ ಕಡಿಮೆ ಇರುವ ಸರ್ವರನ್ನು ಆಯ್ದುಕೊಳ್ಳುವುದು.
5) ಅತಿ ಜೋರಾದ ಭಾಗವನ್ನು ಹಾಡಿ ನೋಡಿ, ಧ್ವನಿಯ ಮಟ್ಟವು ಕೆಂಪು ಗೆರೆಯನ್ನು ಮುಟ್ಟದಂತೆ ಹೊಂದಿಸುವುದು.
6) ಏರಿಳಿತ ತಡೆಯುವ ಬಫರನ್ನು ಮೊದಲು ಸ್ವಯಂಚಾಲಿತವಾಗಿ ಬಿಟ್ಟು, ನಂತರ ಧ್ವನಿ ಒಡೆಯದಷ್ಟು ಮಟ್ಟಕ್ಕೆ ಹಂತಹಂತವಾಗಿ ತಗ್ಗಿಸುವುದು.
7) ಕಾರ್ಯಕ್ರಮದ ವೇಳೆ ಅದೇ ಸಂಪರ್ಕದಲ್ಲಿ ಬೇರೆಯವರು ಚಲನಚಿತ್ರ ವೀಕ್ಷಿಸದಂತೆ ಹಾಗೂ ದೊಡ್ಡ ಕಡತಗಳನ್ನು ಇಳಿಸಿಕೊಳ್ಳದಂತೆ ನೋಡಿಕೊಳ್ಳುವುದು.

10. ಕಲಾವಿದರು ಅನುಸರಿಸಬೇಕಾದ ಕ್ರಮ

ಉಪಕರಣಗಳು ಸರಿಯಿದ್ದರೂ ಹಾಡುವ ರೀತಿಯಲ್ಲಿ ಕೆಲವು ಬದಲಾವಣೆಗಳು ಅಗತ್ಯ.

ಮೊದಲನೆಯದಾಗಿ, ತಾಳವನ್ನು ಹಿಡಿಯುವ ಹೊಣೆ ಒಬ್ಬರಿಗೆ ಮಾತ್ರ ಇರತಕ್ಕದ್ದು. ಅವರು ಇತರರಿಗಾಗಿ ಕಾಯದೆ ಲಯವನ್ನು ಸ್ಥಿರವಾಗಿ ನಡೆಸಬೇಕು. ಎಲ್ಲರೂ ಪರಸ್ಪರ ಕಾದರೆ ಹಾಡು ಮುಗಿಯುವ ವೇಳೆಗೆ ಲಯವು ಬಹಳ ಕುಗ್ಗಿರುತ್ತದೆ. ತಾಳ, ದಮ್ಮಡಿ ಮುಂತಾದ ಘಾತವಾದ್ಯಗಳೆಲ್ಲವನ್ನೂ ಸಾಧ್ಯವಾದಷ್ಟು ಒಂದೇ ಸ್ಥಳದಲ್ಲಿ ಇರಿಸುವುದು.

ಎರಡನೆಯದಾಗಿ, ಸರ್ವರ್ ಬಳಸುವಾಗ ತಮ್ಮ ಧ್ವನಿಯನ್ನು ನೇರವಾಗಿ ಕೇಳದೆ, ಸರ್ವರಿನಿಂದ ಮರಳಿ ಬಂದುದನ್ನೇ ಹೆಡ್‌ಫೋನಿನಲ್ಲಿ ಆಲಿಸುವುದು. ಆಗ ಎಲ್ಲರೂ ಒಂದೇ ಸ್ಥಳದಲ್ಲಿ ಕೂಡಿದ ಧ್ವನಿಯನ್ನು ಕೇಳಿದಂತಾಗುತ್ತದೆ. ಆರಂಭದಲ್ಲಿ ಇದು ಅಸಹಜವೆನಿಸಿದರೂ ಅಭ್ಯಾಸದಿಂದ ರೂಢಿಯಾಗುತ್ತದೆ.

ಮೂರನೆಯದಾಗಿ, ಕೇಳುಗರು ಇರುವ ಸ್ಥಳವನ್ನು ಗಮನದಲ್ಲಿಟ್ಟು ತಾಳದ ಮೂಲವನ್ನು ನಿರ್ಧರಿಸುವುದು. ಪುಣೆಯಲ್ಲಿ ತಬಲಾ, ಆಲಮೇಲದ ಗುಡಿಯಲ್ಲಿ ಗಾಯಕರು ಹಾಗೂ ಕೇಳುಗರು ಇದ್ದಲ್ಲಿ, ತಬಲಾ ವಾದಕರು ಗಾಯನವನ್ನು ಹಿಂಬಾಲಿಸದೆ ಲಯವನ್ನು ಸ್ಥಿರವಾಗಿ ನಡೆಸುವುದು. ಗಾಯಕರು ತಮಗೆ ಕೇಳಿಸಿದ ತಬಲಾಕ್ಕೆ ಹೊಂದಿಸಿ ಹಾಡುವುದು. ಆಗ ಗುಡಿಯಲ್ಲಿರುವವರಿಗೆ ತಾಳ ಮತ್ತು ಹಾಡು ಸರಿಯಾಗಿ ಕೂಡಿಯೇ ಕೇಳಿಸುತ್ತದೆ. ಪುಣೆಯಲ್ಲಿ ಮಾತ್ರ ಹಾಡು ತಡವಾಗಿ ಕೇಳಿಸುತ್ತದೆ. ವಿಳಂಬವು 60 ಅಥವಾ 70 ಮಿ.ಸೆ. ಇರುವಾಗಲೂ ಈ ಕ್ರಮದಿಂದ ಕಾರ್ಯಕ್ರಮವನ್ನು ನಡೆಸಬಹುದಾಗಿದೆ. ತಬಲಾ ವಾದಕರಿಗೆ ಇದು ಶ್ರಮದ ಕೆಲಸವಾದ್ದರಿಂದ ಮುಂಚಿತವಾಗಿ ಹಲವು ಬಾರಿ ಅಭ್ಯಾಸ ಮಾಡತಕ್ಕದ್ದು.

11. ದೃಶ್ಯ ಹಾಗೂ ಸಾರ್ವಜನಿಕ ಪ್ರಸಾರ

ಕಲಾವಿದರು ಪರಸ್ಪರ ನೋಡುವ ದೃಶ್ಯ ಮತ್ತು ಸಾರ್ವಜನಿಕರಿಗೆ ಪ್ರಸಾರ ಮಾಡುವ ದೃಶ್ಯ ಇವೆರಡನ್ನೂ ಬೇರೆ ಬೇರೆಯಾಗಿ ಪರಿಗಣಿಸತಕ್ಕದ್ದು.

ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೇ 33 ಮಿ.ಸೆ. ಬೇಕಾಗುವುದರಿಂದ ದೃಶ್ಯವು ಯಾವಾಗಲೂ ಧ್ವನಿಗಿಂತ ಹಿಂದೆ ಉಳಿಯುತ್ತದೆ. ಆದುದರಿಂದ ದೃಶ್ಯಕ್ಕೆ ಸಾಮಾನ್ಯ ವೀಡಿಯೋ ಕರೆಯನ್ನು ಬಳಸಿ, ಅದರ ಮೈಕ್ ಮತ್ತು ಧ್ವನಿ ಎರಡನ್ನೂ ನಿಲ್ಲಿಸಿ, ಧ್ವನಿಗೆ ಮೇಲೆ ತಿಳಿಸಿದ ತಂತ್ರಾಂಶವನ್ನೇ ಅವಲಂಬಿಸುವುದು. ಕೈಸನ್ನೆ ಅಥವಾ ಕೈತಾಳವನ್ನು ನೋಡಿ ಸಮ್ ಹಿಡಿಯಲು ಪ್ರಯತ್ನಿಸತಕ್ಕದ್ದಲ್ಲ.

ಸಾರ್ವಜನಿಕ ಪ್ರಸಾರದಲ್ಲಿ ಕೆಲವು ಸೆಕೆಂಡುಗಳ ವಿಳಂಬವಿದ್ದರೂ ತೊಂದರೆಯಿಲ್ಲ. ಕೇಳುಗರು ತಾಳ ಹಾಕಿ ಉತ್ತರಿಸುವುದಿಲ್ಲವಾದ್ದರಿಂದ ಅದು ಗಮನಕ್ಕೆ ಬರುವುದಿಲ್ಲ. ಇದಕ್ಕಾಗಿ ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿ ಮತ್ತು ದೃಶ್ಯವನ್ನು ಕೂಡಿಸಿ ಯೂಟ್ಯೂಬ್ ಮುಂತಾದ ತಾಣಗಳಿಗೆ ಕಳುಹಿಸಬಹುದು. ದೃಶ್ಯವು ತಡವಾಗಿ ಬರುವುದರಿಂದ ಧ್ವನಿಯನ್ನೂ ಅಷ್ಟೇ ಪ್ರಮಾಣದಲ್ಲಿ ತಡಮಾಡಿ ಹೊಂದಿಸುವುದು. ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ಇದನ್ನು ಪರೀಕ್ಷಿಸಬಹುದು. ಯೂಟ್ಯೂಬ್‌ನಲ್ಲಿ ನೇರ ಪ್ರಸಾರವನ್ನು ಮೊದಲ ಬಾರಿ ಸಕ್ರಿಯಗೊಳಿಸಲು 24 ಗಂಟೆಗಳವರೆಗೆ ಕಾಲಾವಕಾಶ ಬೇಕಾಗಬಹುದಾದ್ದರಿಂದ ಆ ಕೆಲಸವನ್ನು ಮುಂಚಿತವಾಗಿ ಮಾಡಿಕೊಳ್ಳುವುದು.

12. ಅನುಮತಿ ಮತ್ತು ಹಕ್ಕುಸ್ವಾಮ್ಯ

ಕಾರ್ಯಕ್ರಮದ ಸ್ಥಳದಲ್ಲಿ ಧ್ವನಿವರ್ಧಕ ಬಳಸಲು ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು. ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ರಾತ್ರಿ 10 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಬಯಲು ಸ್ಥಳಗಳಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿರುತ್ತದೆ. ಅಹೋರಾತ್ರಿ ಭಜನೆ ನಡೆಸುವ ಮೇಳಗಳು ಇದನ್ನು ವಿಶೇಷವಾಗಿ ಗಮನಿಸುವುದು. ಹೆಡ್‌ಫೋನ್ ಬಳಸಿ ನಡೆಸುವ ಅಭ್ಯಾಸದಲ್ಲಿ ಧ್ವನಿವರ್ಧಕದ ಅಗತ್ಯವೇ ಇರುವುದಿಲ್ಲ.

ಹಕ್ಕುಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಕವಿಯ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಹಕ್ಕು ಅವರ ನಿಧನಾನಂತರ 60 ವರ್ಷಗಳವರೆಗೆ ಇರುತ್ತದೆ. 1889ರಲ್ಲಿ ನಿಧನರಾದ ಶಿಶುನಾಳ ಶರೀಫರ ತತ್ವಪದಗಳನ್ನು ಮುಕ್ತವಾಗಿ ಹಾಡಿ ಪ್ರಸಾರ ಮಾಡಬಹುದು. 1981ರಲ್ಲಿ ನಿಧನರಾದ ದ. ರಾ. ಬೇಂದ್ರೆಯವರ ಇಂತಹ ಕವನಗಳ ಹಕ್ಕು 2041ರ ಅಂತ್ಯದವರೆಗೆ ಇರುವುದರಿಂದ ಪ್ರಸಾರಕ್ಕೆ ಹಕ್ಕುದಾರರ ಒಪ್ಪಿಗೆ ಪಡೆಯುವುದು. ಹಳೆಯ ಪದಗಳಿಗೆ ಇತ್ತೀಚೆಗೆ ಮಾಡಲಾದ ರಾಗ ಸಂಯೋಜನೆಗೂ ಪ್ರತ್ಯೇಕ ಹಕ್ಕು ಇರುವ ಸಾಧ್ಯತೆಯನ್ನು ಗಮನಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವೀಡಿಯೋ ಕರೆಯಲ್ಲಿ ತಂಬೂರಿ ಹಾಗೂ ಪೇಟಿಯ ನಾದವು ಮಾಯವಾಗುವುದೇಕೆ?
ಉತ್ತರ: ಮಾತಿಗಾಗಿ ರೂಪಿಸಿದ ತಂತ್ರಾಂಶಗಳು ಎಡೆಬಿಡದೆ ಒಂದೇ ರೀತಿ ಕೇಳಿಸುವ ನಾದವನ್ನು ಫ್ಯಾನಿನ ಸದ್ದಿನಂತೆ ಗದ್ದಲವೆಂದು ಭಾವಿಸಿ ತೆಗೆದುಹಾಕುತ್ತವೆ. ಗದ್ದಲ ನಿವಾರಣೆ ಹಾಗೂ ಪ್ರತಿಧ್ವನಿ ನಿವಾರಣೆಯ ಆಯ್ಕೆಗಳನ್ನು ನಿಲ್ಲಿಸುವುದು. ಜೂಮ್ ತಂತ್ರಾಂಶದಲ್ಲಿ ಸಂಗೀತಗಾರರಿಗಾಗಿ ಮೂಲ ಧ್ವನಿಯ ಆಯ್ಕೆ ಇರುತ್ತದೆ. ಇದರಿಂದ ನಾದ ಉಳಿಯುತ್ತದೆ. ಆದರೆ ವಿಳಂಬವು ತಾಳಕ್ಕೆ ಹೊಂದುವಷ್ಟು ಕಡಿಮೆಯಾಗುವುದಿಲ್ಲ.

ಪ್ರಶ್ನೆ: ಮೊಬೈಲ್ ದತ್ತಾಂಶದಿಂದ ಒಟ್ಟಿಗೆ ಹಾಡಬಹುದೇ?
ಉತ್ತರ: ಪಾಠ ಹಾಗೂ ಸವಾಲ್–ಜವಾಬ್‌ಗೆ ಬಳಸಬಹುದು. ವಿಳಂಬದ ಏರಿಳಿತ ಹೆಚ್ಚಿರುವುದರಿಂದ ಏಕಕಾಲದ ಗಾಯನಕ್ಕೆ ಸೂಕ್ತವಲ್ಲ.

ಪ್ರಶ್ನೆ: 20 ಮೆಗಾಬಿಟ್ ಯೋಜನೆಯಿಂದ 100 ಮೆಗಾಬಿಟ್ ಯೋಜನೆಗೆ ಬದಲಾಯಿಸಿದರೆ ತಾಳ ಸರಿಹೋಗುವುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ರಸ್ತೆಯನ್ನು ಅಗಲಗೊಳಿಸಿದರೆ ಹೆಚ್ಚು ವಾಹನಗಳು ಹೋಗಬಹುದು. ಊರಿನ ದೂರ ಕಡಿಮೆಯಾಗುವುದಿಲ್ಲ. ಅದೇ ಸಂಪರ್ಕವನ್ನು ಮನೆಯ ಅನೇಕರು ಒಟ್ಟಿಗೆ ಬಳಸುತ್ತಿದ್ದಲ್ಲಿ ಮಾತ್ರ ಪ್ರಯೋಜನ ಕಂಡುಬರಬಹುದು.

ಪ್ರಶ್ನೆ: ಹಾಡುವಾಗ ಆಗಾಗ್ಗೆ ಧ್ವನಿ ಕಡಿದು ಬರುತ್ತದೆ. ಏನು ಮಾಡಬೇಕು?
ಉತ್ತರ: ವೈ-ಫೈ ನಿಂತಿದೆಯೇ ಎಂದು ಮೊದಲು ನೋಡುವುದು. ನಂತರ ಏರಿಳಿತದ ಬಫರನ್ನು ಒಂದು ಹಂತ ಹೆಚ್ಚಿಸುವುದು. ಆಗಲೂ ಸರಿಯಾಗದಿದ್ದಲ್ಲಿ ಪಿಂಗ್ ಪರೀಕ್ಷೆಯ ಫಲಿತಾಂಶವನ್ನು ದಿನಾಂಕ, ವೇಳೆಯೊಂದಿಗೆ ಬರೆದು ಸೇವಾದಾರರಿಗೆ ದೂರು ಸಲ್ಲಿಸಿ, ದೂರು ಸಂಖ್ಯೆಯನ್ನು ಪಡೆಯುವುದು. ಪರಿಹಾರ ದೊರೆಯದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.

ಪ್ರಶ್ನೆ: ಗಣಕಯಂತ್ರ ಬಳಸಲು ಬಾರದ ಹಿರಿಯ ಕಲಾವಿದರು ಭಾಗವಹಿಸಬಹುದೇ?
ಉತ್ತರ: ಭಾಗವಹಿಸಬಹುದು. ಮೊದಲ ಬಾರಿ ಎಲ್ಲ ಹೊಂದಾಣಿಕೆಗಳನ್ನು ಮಾಡಿ ಉಳಿಸಿಟ್ಟ ನಂತರ, ತಂತ್ರಾಂಶವನ್ನು ತೆರೆದು ಸರ್ವರಿಗೆ ಸೇರುವುದಷ್ಟೇ ಉಳಿಯುತ್ತದೆ. ಪ್ರತಿ ಸ್ಥಳದಲ್ಲಿ ಒಬ್ಬ ಯುವಕ ಅಥವಾ ಯುವತಿಗೆ ಈ ಹೊಣೆಯನ್ನು ವಹಿಸುವುದು ಉತ್ತಮ.

14. ಗಮನಿಸಿ

ಮೊದಲ ಅಭ್ಯಾಸದಲ್ಲಿಯೇ ಇಡೀ ಮೇಳವನ್ನು ಕೂಡಿಸದೆ, ಇಬ್ಬರಿಂದ ಆರಂಭಿಸುವುದು. ಮೊದಲ ವಾರ ಸವಾಲ್–ಜವಾಬ್, ನಂತರ ನಿಧಾನ ಲಯದ ಒಂದು ತತ್ವಪದ, ಅದು ಕೂಡಿದ ಮೇಲೆ ಮಧ್ಯ ಲಯ ಎಂಬ ಕ್ರಮವನ್ನು ಅನುಸರಿಸಿದಲ್ಲಿ ಯಾವ ಹಂತದಲ್ಲಿ ತೊಂದರೆಯಾಗುತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಈ ವ್ಯವಸ್ಥೆಯು ಎದುರುಬದುರು ಕುಳಿತು ಹಾಡುವುದಕ್ಕೆ ಪರ್ಯಾಯವಲ್ಲ. ದುಡಿಮೆಗಾಗಿ ಊರು ಬಿಟ್ಟವರು ಜಾತ್ರೆಗೆ ಮರಳುವವರೆಗೂ ಮೇಳವು ಮುರಿಯದಂತೆ ಉಳಿಸಿಕೊಳ್ಳುವ ಸಾಧನವೆಂದು ಇದನ್ನು ತಿಳಿಯತಕ್ಕದ್ದು.